ಬೆಲ್ಲಪ್ಪನ ಮನೆಯ ತರಗೆಲೆ

ಶುಚಿ ಒಳ್ಳೆಯದು, ಯಾರು ಬೇಡ ಅಂದರು? ಆದರೆ ಹಾಸನದ ಚೂಡಾಮಣಿಯಮ್ಮನ ಶುಚಿಯೇ ಬೇರೆ. ಅವರ ಮನೆಗೆ ಬರುವ ಧೂಳು ಕೂಡ ಬಾಗಿಲಲ್ಲಿ ಕಾಲು ತೊಳೆದು ಒಳಗೆ ಬರಬೇಕಿತ್ತು. ಬೆಳಗ್ಗೆ ಎದ್ದ ಕೂಡಲೇ ಅವರ ಮೊದಲ ಕೆಲಸ ದೇವರ ಮನೆಯ ನಿರ್ಮಾಲ್ಯ ತೆಗೆಯುವುದು. ನಿನ್ನೆ ಏರಿಸಿದ ಹೂವು ಇವತ್ತು ಬಾಡಿಕೊಂಡು ದೇವರ ಮೇಲೆ ಉಳಿಯಬಾರದು. ಅದು ಅವರಿಗೆ ಅವರ ಅತ್ತೆ ಕಲಿಸಿದ ಪಾಠ. ಆ ಅಭ್ಯಾಸ ದೇವರ ಮನೆಯಲ್ಲೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅದು ಮನೆಯೆಲ್ಲಾ ಹಬ್ಬಿತ್ತು.

ಇಂಥ ಮನೆಗೆ ಮೇದಿನಿ ಎಂಬ ಹುಡುಗಿ ಸೊಸೆಯಾಗಿ ಬಂದಳು. ಅವಳ ಜೊತೆಗೆ ಒಂದು ಹಲ್ಲಿಯೂ ಬಂತು.

ಹೌದು, ಹಲ್ಲಿಯೇ. ನಗಬೇಡಿ. ನಮ್ಮ ಗೋಡೆಯ ಹಲ್ಲಿ ಅಲ್ಲ, ಯಾವುದೋ ದೂರದ ದ್ವೀಪದ ಜಾತಿ. ಮೇದಿನಿ ಅದನ್ನು ಕಾಲೇಜಿನ ದಿನಗಳಿಂದ ಸಾಕಿದ್ದಳು. ಹಳೆ ಬೆಲ್ಲದ ಬಣ್ಣ, ಅದಕ್ಕೇ ಹೆಸರು ಬೆಲ್ಲಪ್ಪ. ಹಗಲೆಲ್ಲಾ ನಿದ್ದೆ, ಕತ್ತಲಾದ ಮೇಲೆ ಓಡಾಟ. ಕಣ್ಣಿಗೆ ರೆಪ್ಪೆ ಇಲ್ಲದ್ದರಿಂದ ನಾಲಿಗೆ ಚಾಚಿ ತನ್ನ ಕಣ್ಣನ್ನು ತಾನೇ ನೆಕ್ಕಿಕೊಳ್ಳುತ್ತಿದ್ದ. ಅದನ್ನು ಮೊದಲ ಸಲ ನೋಡಿದಾಗ ಚೂಡಾಮಣಿಯಮ್ಮ "ಅಯ್ಯೋ ರಾಮ!" ಅಂದು ಎರಡು ಹೆಜ್ಜೆ ಹಿಂದೆ ಸರಿದರು. ಎರಡನೇ ಸಲ ನೋಡಿದಾಗ, "ಪರವಾಗಿಲ್ಲ ಕಣೇ, ತನ್ನ ಮುಖ ತಾನೇ ತೊಳ್ಕೊಳ್ಳುತ್ತೆ. ನಿನ್ನ ಗಂಡನಿಗಿಂತ ವಾಸಿ" ಅಂದರು. ಅಲ್ಲಿಗೆ ಅವರಿಗೂ ಬೆಲ್ಲಪ್ಪನಿಗೂ ಸ್ನೇಹವಾಯಿತು.

ಮೇದಿನಿಯ ಗಂಡ ಶ್ರೀಪತಿ ಕೆಲಸದ ಮೇಲೆ ಊರೂರು ಸುತ್ತುವವನು. ಮನೆಯಲ್ಲಿ ಇರುತ್ತಿದ್ದದ್ದು ಅತ್ತೆ, ಸೊಸೆ, ಬೆಲ್ಲಪ್ಪ ಮೂವರೇ. ತವರಿನಿಂದ ತಂದ ಸಣ್ಣ ಡಬ್ಬದಲ್ಲಿ ಬೆಲ್ಲಪ್ಪನಿಗೆ ಉಸಿರುಕಟ್ಟುತ್ತಿತ್ತು. ಶ್ರೀಪತಿ ಒಂದು ಎತ್ತರದ ಗಾಜಿನ ಪೆಟ್ಟಿಗೆ ಮಾಡಿಸಿಕೊಟ್ಟ. ಒಂದು ಭಾನುವಾರ ಅತ್ತೆ ಸೊಸೆ ಇಬ್ಬರೂ ಸೆರಗು ಸಿಕ್ಕಿಸಿಕೊಂಡು ಅದರ ಮುಂದೆ ಕೂತರು.

ತಳದಲ್ಲಿ ನೀರು ಬಸಿಯಲಿ ಅಂತ ಹೆಂಚಿನ ಚೂರು ಹಾಕಿದರು. ಅದರ ಮೇಲೆ ಬಲೆಬಟ್ಟೆ, ಅದರ ಮೇಲೆ ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣು. ಒಂದು ಕಡೆ ಮನಿಪ್ಲಾಂಟ್ ನೆಟ್ಟರು, ಇನ್ನೊಂದು ಕಡೆ ಬಾವಿಕಟ್ಟೆಯಿಂದ ಕಿತ್ತು ತಂದ ಜರೀಗಿಡ. ಹತ್ತಿ ಇಳಿಯಲು ಸೀಬೆಮರದ ಒಂದು ಕೊಂಬೆ. ಚೂಡಾಮಣಿಯಮ್ಮ ಅಡುಗೆಮನೆಯಿಂದ ಒಂದು ದೊಡ್ಡ ಕರಟ ತಂದು, ಬಾಗಿಲಿನ ಹಾಗೆ ತೂತು ಮಾಡಿ, "ಇದು ಇವನ ಮಲಗೋ ಕೋಣೆ" ಅಂತ ಮೂಲೆಯಲ್ಲಿ ಕವುಚಿಟ್ಟರು. ಕೊನೆಗೆ ಮೇದಿನಿ ಮಣ್ಣಿನ ಮೇಲೆ ಹೊಂಗೆಯ ತರಗೆಲೆ ಹರಡಿದಳು. ಹೂಕುಂಡದ ಅಡಿಯಿಂದ ಬೂದು ಬಣ್ಣದ ಹುಳುಗಳನ್ನು ಹಿಡಿದು ತಂದು ಬಿಟ್ಟಳು. ಮುಟ್ಟಿದರೆ ಉಂಡೆ ಸುತ್ತಿಕೊಳ್ಳುತ್ತವಲ್ಲ, ಆ ಹುಳುಗಳು.

"ಇದೇನೇ, ಹೊಸ ಮನೆಗೆ ಕಸ ಸುರೀತಿದ್ದೀಯ? ಹುಳ ಬೇರೆ!" ಅತ್ತೆ ಮೂಗು ಮುಚ್ಚಿಕೊಂಡರು.

"ಇದೇ ಅತ್ತೆ ಇದರ ಜೀವ. ಬೆಲ್ಲಪ್ಪನ ಹಿಕ್ಕೆ, ಕೊಳೆತ ಎಲೆ ಎಲ್ಲಾ ಈ ಹುಳ ತಿನ್ನುತ್ತೆ. ಅದು ಗೊಬ್ಬರ ಆಗುತ್ತೆ, ಗಿಡ ಬೆಳೆಯುತ್ತೆ. ಗಿಡ ಬೇರು ಬಿಟ್ಟಮೇಲೆ ಇದು ತಾನಾಗೇ ನಡೆಯೋ ಮನೆ. ನಾವು ಸಂಜೆ ನೀರು ಸಿಂಪಡಿಸೋದು, ಊಟ ಇಡೋದು, ಅಷ್ಟೇ. ಬೇರೆ ಯಾವುದಕ್ಕೂ ಕೈ ಹಾಕಬಾರದು."

"ಆಯ್ತಮ್ಮ, ಆಯ್ತು" ಅಂದರು ಅತ್ತೆ. ಡಾಕ್ಟರು ಸಕ್ಕರೆ ತಿನ್ನಬೇಡಿ ಅಂದಾಗಲೂ ಅವರು ಹೀಗೇ ಅನ್ನುತ್ತಿದ್ದರು.

ಗಿಡಗಳು ಬೇರು ಬಿಟ್ಟವು. ಬೆಲ್ಲಪ್ಪ ಹೊಸ ಮನೆಗೆ ಹೋದ. ಮೇದಿನಿ ಊರಿನ ಒಂದು ಲ್ಯಾಬಿಗೆ ಕೆಲಸಕ್ಕೆ ಹೋಗಲು ಶುರುಮಾಡಿದಳು. ಬೆಳಗ್ಗೆ ಅವಳು ಅತ್ತ ಹೋದಳೋ ಇಲ್ಲವೋ, ಚೂಡಾಮಣಿಯಮ್ಮನ ಕೈ ಇತ್ತ ತುರಿಸತೊಡಗಿತು. ಗಾಜಿನೊಳಗೆ ಬಾಡಿದ ಎಲೆಗಳು! ದೇವರ ಮನೆಗೆ ನೇರ ಎದುರಿಗೆ! ಅವರು ಮೆಲ್ಲಗೆ ಬಾಗಿಲು ತೆಗೆದು, ನಿರ್ಮಾಲ್ಯ ತೆಗೆದ ಹಾಗೆ ಒಂದೊಂದೇ ತರಗೆಲೆ ಆರಿಸಿದರು. ಎಲೆ ಹೋದಮೇಲೆ ಹುಳುಗಳು ಕಂಡವು. ಅವನ್ನು ಪೊರಕೆ ಕಡ್ಡಿಯಲ್ಲಿ ಎತ್ತಿ ಹಿತ್ತಲಿಗೆ ಬಿಟ್ಟರು. ಪಾಪದ ಹೆಂಗಸು, ಕೊಲ್ಲಲಿಲ್ಲ. ಮರುದಿನವೂ ಹುಡುಕಿ ಹುಡುಕಿ ತೆಗೆದರು.

ಸಂಜೆ ಮೇದಿನಿ ಬಂದು ಗಾಜಿಗೆ, ಗಿಡಕ್ಕೆ ನೀರು ಸಿಂಪಡಿಸಿ ಸ್ನಾನಕ್ಕೆ ಹೋಗುತ್ತಿದ್ದಳು. ಅದು ದೀಪ ಹಚ್ಚುವ ಹೊತ್ತು. ದೀಪ ಹಚ್ಚುವಾಗ ಮನೆಯಲ್ಲಿ ಒಂದು ಗಾಜು ಬೆವರಿಕೊಂಡು ನಿಂತರೆ ಲಕ್ಷ್ಮಿ ಏನಂದುಕೊಂಡಾಳು? ಅತ್ತೆ ಒಣಬಟ್ಟೆ ತಂದು ಗಾಜನ್ನೂ ಎಲೆಗಳನ್ನೂ ಫಳಫಳ ಒರೆಸಿ, ಆಮೇಲೆ ದೀಪ ಹಚ್ಚುತ್ತಿದ್ದರು. ಸೊಸೆಗೆ ಹೇಳಲಿಲ್ಲ. ಪ್ರೀತಿಯಿಂದ ಮಾಡಿದ್ದನ್ನು ಹೇಳಿಕೊಳ್ಳುವುದೇನು ಅಂತ.

ಮೇದಿನಿಗೆ ಒಂದೂ ತಿಳಿಯಲಿಲ್ಲ. ತರಗೆಲೆ ಮಾಯವಾದದ್ದು ಕಂಡು, "ನಮ್ಮ ಹುಳಗಳು ಎಷ್ಟು ಚುರುಕು!" ಅಂದುಕೊಂಡು ಮತ್ತೆ ಹಾಕಿದಳು. ಗಾಜು ಬೇಗ ಒಣಗಿದ್ದು ಕಂಡು ಇನ್ನಷ್ಟು ನೀರು ಹೊಡೆದಳು. ನೀರೆಲ್ಲಾ ಕೆಳಗಿಳಿದು ಮಣ್ಣು ರಾಡಿಯಾಯಿತು. ಮೇಲೆ ಕುಡಿಯಲು ಒಂದು ಹನಿ ಇಲ್ಲ.

ಚೂಡಾಮಣಿಯಮ್ಮನ ಪ್ರೀತಿ ಗಾಜಿನ ಪೆಟ್ಟಿಗೆಗೇ ಮುಗಿಯಲಿಲ್ಲ, ನೋಡಿ. ಸೊಸೆಯ ಕೋಣೆಗೂ ಹೋಯಿತು. ಅರ್ಧ ಓದಿ ಕವುಚಿಟ್ಟ ಪುಸ್ತಕ ಸಂಜೆಗೆ ಕಪಾಟು ಸೇರುತ್ತಿತ್ತು. ಕಿಟಕಿಯ ಮೇಲಿನ ಕ್ಲಿಪ್ಪು ಡಬ್ಬಿಗೆ ಹೋಗುತ್ತಿತ್ತು. ಕುರ್ಚಿಯ ಮೇಲಿನ ದುಪಟ್ಟಾ ಒಗೆದು ಇಸ್ತ್ರಿಯಾಗಿ ಮಡಿಚಿ ಕೂತಿರುತ್ತಿತ್ತು. ಅಡುಗೆಮನೆಗೆ ಹೋದರೆ, "ನೀನ್ಯಾಕಮ್ಮ, ದಣಿದು ಬಂದಿದ್ದೀಯ, ಕೂತ್ಕೋ" ಅಂತ ಕಾಫಿ ಕೈಗೇ ಬರುತ್ತಿತ್ತು. ಇಷ್ಟು ಒಳ್ಳೆಯ ಅತ್ತೆಯ ಮೇಲೆ ದೂರು ಹೇಳುವುದಾದರೂ ಹೇಗೆ? ಮೇದಿನಿ ಹೇಳಲಿಲ್ಲ. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ಅತ್ತೆ ಗಾಬರಿಯಾಗಿ ಇನ್ನೂ ಹೆಚ್ಚು ಒರೆಸಿದರು, ಇನ್ನೂ ಹೆಚ್ಚು ಬಡಿಸಿದರು. ಅತ್ತ ಬೆಲ್ಲಪ್ಪನೂ ಪಪ್ಪಾಯಿ ಹಣ್ಣಿನ ಬಟ್ಟಲನ್ನು ಮೂಸಿ ನೋಡದೆ ಕರಟದೊಳಗೆ ಕೂತ.

ಒಂದು ಸಂಜೆ ಮೇದಿನಿ ಬಂದು ನೋಡಿದರೆ ಮಣ್ಣಿನ ಮೇಲೆ ಬಿಳಿ ಬೂಷ್ಟು. ಜರೀಗಿಡ ಬುಡದಲ್ಲಿ ಕೊಳೆತಿತ್ತು. ಬೆಲ್ಲಪ್ಪನನ್ನು ಅಂಗೈಗೆ ಎತ್ತಿಕೊಂಡಳು. ಮೈ ಸೊರಗಿತ್ತು. ಹೊಟ್ಟೆಯ ಮೇಲೆ ಬೆರಳಿಟ್ಟರೆ ಮೂಳೆ ಸಿಗುತ್ತಿತ್ತು. ಪೊರೆ ಬಿಟ್ಟಿದ್ದ, ಆದರೆ ಮೈಗೆ ತೇವ ಸಾಲದೆ ಹಳೆ ಚರ್ಮ ಬೆರಳುಗಳಿಗೆ ದಾರ ಬಿಗಿದ ಹಾಗೆ ಸುತ್ತಿಕೊಂಡಿತ್ತು. ಹಾಗೇ ಬಿಟ್ಟರೆ ಬೆರಳು ಸತ್ತು ಉದುರುತ್ತವೆ. ಈ ನಿತ್ರಾಣದಲ್ಲಿ ಅವನೇ ಉಳಿಯುವುದು ಅನುಮಾನ.

ಮೇದಿನಿ ಅಲ್ಲೇ ನೆಲದ ಮೇಲೆ ಕೂತು ಅತ್ತಳು. "ಅತ್ತೆ, ನಾಳೆ ಇವನನ್ನ ನಮ್ಮಮ್ಮನ ಮನೆಗೆ ಕರ್ಕೊಂಡು ಹೋಗ್ತೀನಿ. ಇಲ್ಲಿ ಇವನಿಗೆ ಹಿಡಿಸಿಲ್ಲ."

"ನೀನು ಯಾವಾಗ ವಾಪಸ್ ಬರ್ತೀಯ?"

ಮೇದಿನಿ ತವರಿನಿಂದ ತಂದಿದ್ದ ಸಣ್ಣ ಡಬ್ಬವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಅವಳು ಬೆಲ್ಲಪ್ಪನನ್ನು ಕೊಂಬೆಯ ಮೇಲೆ ಬಿಟ್ಟು ಕೊನೆಯ ಸಲವೆಂಬಂತೆ ನೀರು ಸಿಂಪಡಿಸಿದಳು. ಆವತ್ತು ಸ್ನಾನಕ್ಕೆ ಏಳಲಿಲ್ಲ. ಅತ್ತೆಗೂ ಒಣಬಟ್ಟೆಯ ನೆನಪಾಗಲಿಲ್ಲ, ದೀಪದ ನೆನಪೂ ಆಗಲಿಲ್ಲ. ಇಬ್ಬರೂ ಗಾಜಿನ ಮುಂದೆಯೇ ಕೂತರು. ಕತ್ತಲಾಯಿತು. ಆಗ ಬೆಲ್ಲಪ್ಪ ಮೆಲ್ಲಗೆ ತಲೆ ಎತ್ತಿದ. ಗಾಜಿನ ಹತ್ತಿರ ಬಂದ. ಪುಟ್ಟ ಕೆಂಪು ನಾಲಿಗೆ ಚಾಚಿ ಒಂದು ಹನಿ ನೆಕ್ಕಿದ. ಆಮೇಲೆ ಇನ್ನೊಂದು. ಎಷ್ಟೋ ದಿನ ನೀರು ಕಾಣದವನ ಹಾಗೆ ಒಂದೊಂದೇ ಹನಿಯನ್ನು ಹುಡುಕಿ ಹುಡುಕಿ ಕುಡಿದ.

"ಏನೇ ಇದು? ಇವನು ಗಾಜಿನ ಮೇಲಿನ ನೀರು ಕುಡೀತಾನಾ?"

"ಮತ್ತಿನ್ನೇನು ಅತ್ತೆ? ಇವನು ಬಟ್ಟಲಲ್ಲಿ ಕುಡಿಯಲ್ಲ. ಎಲೆ ಮೇಲಿನ ಹನೀನೇ ಬೇಕು."

ಚೂಡಾಮಣಿಯಮ್ಮ ಸೊಸೆಯ ಕೈ ಹಿಡಿದುಕೊಂಡರು. "ಮೇದಿನಿ, ನಾನು ದಿನಾ ಸಂಜೆ ಅದನ್ನ ಒರೆಸಿಬಿಡ್ತಿದ್ದೆ ಕಣಮ್ಮ. ಎಲೆ, ಹುಳ ಎಲ್ಲಾ ನಾನೇ ತೆಗೀತಿದ್ದೆ. ಅಯ್ಯೋ, ಬಾಯಿಲ್ಲದ ಜೀವದ ಬಾಯಿಗೆ ಬಂದ ನೀರು ಕಿತ್ಕೊಂಡೆನಲ್ಲೇ!"

ಮೇದಿನಿ ದಂಗಾಗಿ ನೋಡಿದಳು. ಸಿಟ್ಟು ಬಂತು. ತಡೆದುಕೊಂಡಿದ್ದೆಲ್ಲಾ ಒಟ್ಟಿಗೇ ಬಂತು.

"ಯಾಕತ್ತೆ ಎಲ್ಲಾನೂ ಒರೆಸ್ತೀರಿ? ನನ್ನ ಕೋಣೇಲೂ ಅಷ್ಟೇ. ನಾನಿಟ್ಟಿದ್ದು ನಾನಿಟ್ಟ ಜಾಗದಲ್ಲಿ ಇರೋದೇ ಇಲ್ಲ. ದಿನಾ ಸಂಜೆ ಹೊಸದಾಗಿ ನೆಂಟರ ಮನೆಗೆ ಬಂದ ಹಾಗಿರುತ್ತೆ ನಂಗೆ. ಈ ಮನೇಲಿ ನನ್ನದು ಅಂತ ಒಂದು ತರಗೆಲೆ ಕೂಡ ಬಿದ್ದಿಲ್ಲ ಅತ್ತೆ!"

ಹೇಳಿ ತಾನೇ ಹೆದರಿದಳು. ಆದರೆ ಅತ್ತೆ ಬೈಯಲಿಲ್ಲ. ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡರು. "ನನ್ನ ಅತ್ತೆ ನನಗೆ ಪೊರಕೆ ಬಿಟ್ರೆ ಬೇರೇನೂ ಕೊಡಲಿಲ್ಲ ಕಣೇ. ನೀನು ಪೊರಕೆ ಮುಟ್ಟೋದೇ ಬೇಡ, ರಾಣಿ ಹಾಗಿರು ಅಂತ ಮಾಡಿದೆ. ನಿನ್ನ ಜಾಗಾನೂ ಗುಡಿಸಿಹಾಕ್ತಿದ್ದೀನಿ ಅಂತ ತಿಳೀಲಿಲ್ಲ. ಹೋಗಬೇಡ. ಮೊದಲು ಇವನ ಬೆರಳು ನೋಡು ಬಾ."

ಆವತ್ತು ಉಗುರುಬೆಚ್ಚಗಿನ ನೀರಿನಲ್ಲಿ ಬೆಲ್ಲಪ್ಪನ ಪಾದ ನೆನೆಸಿದರು. ಅತ್ತೆ ಅಂಗೈಯಲ್ಲಿ ಹಿಡಿದರು. ಸೊಸೆ ಒದ್ದೆ ಹತ್ತಿಯಿಂದ ಒಂದೊಂದೇ ಬೆರಳಿನ ಪೊರೆ ಬಿಡಿಸಿದಳು. ಎಲ್ಲ ಬೆರಳೂ ಉಳಿದವು. ಹಲ್ಲಿ ಮೈಮೇಲೆ ಬಿದ್ದರೆ ತಲೆಗೆ ನೀರು ಹಾಕಿಕೊಳ್ಳುತ್ತಿದ್ದ ಚೂಡಾಮಣಿಯಮ್ಮ, ಬೆಲ್ಲಪ್ಪ ತಮ್ಮ ಹೆಬ್ಬೆರಳನ್ನು ತಬ್ಬಿಕೊಂಡು ನಿದ್ದೆಹೋದಾಗ ಅಲುಗಾಡದೆ ಕೂತಿದ್ದರು.

ಮರುದಿನ ಬೀದಿಯೇ ನಿಂತು ನೋಡಿತು. ಜೀವಮಾನವಿಡೀ ಎಲೆ ಗುಡಿಸಿದ ಹೆಂಗಸು ಹೊಂಗೆಮರದ ಕೆಳಗೆ ಬಗ್ಗಿ ಬಗ್ಗಿ ಸೆರಗಿನಲ್ಲಿ ತರಗೆಲೆ ತುಂಬುತ್ತಿದ್ದರು. ಪಕ್ಕದ ಮನೆಯಾಕೆ, "ಏನ್ರೀ, ಮನೇಲಿ ಕಸ ಸಾಲ್ತಿಲ್ವಾ?" ಅಂತ ಕೀಟಲೆ ಮಾಡಿದಳು. "ಇಲ್ಲ ಕಣ್ರೀ, ತುಂಬಾ ಕಡಿಮೆಯಾಗಿತ್ತು" ಅಂದರು ಇವರು. ಎಲೆಗಳನ್ನು ತೊಳೆದು, ಒಮ್ಮೆ ಕುದಿಸಿ ಹಾಕಬೇಕು ಅಂತ ಮೇದಿನಿ ಹೇಳಿದಾಗ ಅವರಿಗೆ ಎಷ್ಟು ಖುಷಿ! ತೊಳೆಯಲು ಏನಾದರೂ ಸಿಕ್ಕಿತಲ್ಲ.

ಇಬ್ಬರೂ ಮಣ್ಣು ಬದಲಿಸಿ, ಹೊಸ ಜರೀಗಿಡ ನೆಟ್ಟು, ಹಿತ್ತಲಿನ ಹುಳುಗಳನ್ನು ಮರ್ಯಾದೆಯಿಂದ ವಾಪಸ್ ಕರೆತಂದರು. ಆಮೇಲೆ ಕಷ್ಟದ ಕೆಲಸ ಬಂತು, ಸುಮ್ಮನೆ ಇರುವುದು. ಕೈ ತುರಿಸಿದಾಗಲೆಲ್ಲಾ ಚೂಡಾಮಣಿಯಮ್ಮ ಹಿತ್ತಲಿಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದರು. ನಿಧಾನವಾಗಿ ಜರೀಗಿಡ ಸುರುಳಿ ಬಿಚ್ಚಿತು. ಬೂಷ್ಟು ಕಾಣೆಯಾಯಿತು. ಒಂದು ಸಂಜೆ ಬೆಲ್ಲಪ್ಪ ಅತ್ತೆಯ ಬೆರಳಿನಿಂದಲೇ ಪಪ್ಪಾಯಿ ನೆಕ್ಕಿ, ಕಣ್ಣು ನೆಕ್ಕಿಕೊಂಡು, ಮತ್ತೆ ಪಪ್ಪಾಯಿಗೆ ಬಂದ.

ಇನ್ನೊಂದು ಬೆಳಗ್ಗೆ ಚೂಡಾಮಣಿಯಮ್ಮ ಕಾಫಿ ಮಾಡಲು ಅಡುಗೆಮನೆಗೆ ಹೋದರು. ಕಾಫಿಪುಡಿ ಡಬ್ಬ ಜಾಗದಲ್ಲಿ ಇರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಆ ಡಬ್ಬ ಆ ಗೂಡು ಬಿಟ್ಟು ಕದಲಿರಲಿಲ್ಲ.

"ಮೇದಿನಿ, ಕಾಫಿಪುಡಿ ಎಲ್ಲೇ?"

"ಒಲೆ ಪಕ್ಕದಲ್ಲಿ ಇಟ್ಟಿದ್ದೀನಿ ಅತ್ತೆ! ನಂಗೆ ಅಲ್ಲೇ ಅನುಕೂಲ!" ಕೋಣೆಯಿಂದ ಕೂಗು ಬಂತು.

ಕುರ್ಚಿಯ ಮೇಲೆ ದುಪಟ್ಟಾ ಬಿದ್ದಿತ್ತು. ಕಿಟಕಿಯ ಮೇಲೆ ಕ್ಲಿಪ್ಪು, ಅದರ ಪಕ್ಕ ಕವುಚಿಟ್ಟ ಪುಸ್ತಕ. ಚೂಡಾಮಣಿಯಮ್ಮ ಅದನ್ನೆಲ್ಲಾ ಕಣ್ತುಂಬಾ ನೋಡಿದರು. ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿತು. ಅವರು "ಕೃಷ್ಣ ಕೃಷ್ಣ" ಅಂದು, ಒಲೆಯ ಪಕ್ಕದಿಂದ ಡಬ್ಬ ತೆಗೆದು ಕಾಫಿ ಮಾಡಿ, ಡಬ್ಬವನ್ನು ಮತ್ತೆ ಒಲೆಯ ಪಕ್ಕದಲ್ಲೇ ಇಟ್ಟರು.

ನೀತಿ: ಮನೆಗೆ ಬಂದ ಜೀವ ಬೇರು ಬಿಡಬೇಕಾದರೆ, ಅದರ ನಾಲ್ಕು ತರಗೆಲೆ ಅಲ್ಲಿ ಬಿದ್ದಿರಲು ಬಿಡಬೇಕು. ಪ್ರೀತಿ ಇದ್ದರೆ ಸಾಲದು, ಕೈ ಹಿಂದೆ ತೆಗೆದುಕೊಳ್ಳುವುದೂ ಗೊತ್ತಿರಬೇಕು.