ಬರಿ ಹೊಸಿಲು

ಶಿಷ್ಯನೊಬ್ಬ ಹೊಸ ಬೀಗ ಹಿಡಿದು ಗುರುಗಳ ಮುಂದೆ ನಿಂತು ಕೇಳಿದ: “ಗುರುಗಳೇ, ಪಕ್ಕದ ಊರಿನ ಮಠದಲ್ಲಿ ಕಳವಾಗಿದೆ. ನಮ್ಮ ಅಂಗಳದ ಬಾವಿಗೆ ದಿನವೂ ಊರಿನವರು ನೀರಿಗೆ ಬರುತ್ತಾರೆ. ಬಂದವರು ಒಳಗೆಲ್ಲ ಕಣ್ಣಾಡಿಸುತ್ತಾರೆ. ಅವರನ್ನು ತಡೆದು ಹೊರಬಾಗಿಲಿಗೆ ಬೀಗ ಹಾಕಿದರೆ ಕಳ್ಳನ ಭಯ ತಪ್ಪುವುದಲ್ಲವೇ?”

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಅವನ ಮನೆಯಲ್ಲಿ ಒಂದು ಚಿನ್ನದ ಡಾಬು ಇತ್ತು. ಆ ಮನೆಯ ಸೊಸೆಯಂದಿರೂ ಹೆಣ್ಣುಮಕ್ಕಳೂ ಅದನ್ನೇ ಸೊಂಟಕ್ಕೆ ಕಟ್ಟಿಕೊಂಡು ಹಸೆಮಣೆ ಏರುತ್ತ ಬಂದಿದ್ದರು. ಈಗ ವ್ಯಾಪಾರಿಯ ಮಗಳಿಗೆ ಗಂಡು ಗೊತ್ತಾಗಿತ್ತು.

ಅಷ್ಟರಲ್ಲಿ ಹಿಂದಿನ ಬೀದಿಯ ಮನೆಯೊಂದಕ್ಕೆ ಕನ್ನ ಬಿತ್ತು. ವ್ಯಾಪಾರಿಗೆ ಅನ್ನ ಸೇರದಾಯಿತು. ಬೀದಿಯ ಯಜಮಾನರನ್ನೆಲ್ಲ ತನ್ನ ಜಗಲಿಗೆ ಕರೆಸಿದ. ಬೀದಿಯ ತಲೆಯಲ್ಲಿ ಗೇಟು ಹಾಕಿಸಿ, ದೊಣ್ಣೆ ಕೊಟ್ಟು ಒಬ್ಬ ಕಾವಲುಗಾರನನ್ನು ಕೂರಿಸುವುದೆಂದು ಗೊತ್ತುಮಾಡಿದರು. “ಕಾವಲಿನವನನ್ನು ಕಾಯೋಕೆ ಇನ್ನೊಬ್ಬನನ್ನೂ ಇಟ್ಟುಬಿಡೋಣ,” ಎಂದು ಒಬ್ಬರು ನಗೆಯಾಡಿದರು. ವ್ಯಾಪಾರಿ ನಗಲಿಲ್ಲ. ಈ ಮನುಷ್ಯ ಯಾಕೆ ನಗುತ್ತಾನೆ ಎಂದು ಯೋಚಿಸಿದ.

ಹೊರಗಿನ ಕಳ್ಳನಿಗೆ ಒಳಗಿನ ಸುದ್ದಿ ಕೊಡುವವರು ಯಾರು? ಈ ಹುಳು ತಲೆ ಹೊಕ್ಕ ಮೇಲೆ ಅವನಿಗೆ ಎಲ್ಲರ ಮೇಲೂ ಗುಮಾನಿ. ಹಾಲಿನವಳು ಬಾಗಿಲಲ್ಲಿ ತುಸು ಹೆಚ್ಚು ನಿಂತರೆ ಗುಮಾನಿ. ಪುರೋಹಿತರು ನಿಶ್ಚಿತಾರ್ಥಕ್ಕೆ ಹೊರಡುವ ದಿನ ಕೇಳಿದರೆ ಗುಮಾನಿ. ಕೊನೆಗೆ ಅವನ ಕಣ್ಣು ಎದುರುಮನೆಯ ಮುದುಕಿಯ ಮೇಲೆ ನಿಂತಿತು.

ಆಕೆ ಒಂಟಿ ಜೀವ. ಬೀದಿಯಲ್ಲಿ ಯಾರು ಊರಿಗೆ ಹೋದರೂ ಬೆಳಿಗ್ಗೆ ತನ್ನ ಬಾಗಿಲಿನ ಜೊತೆಗೆ ಅವರ ಬಾಗಿಲನ್ನೂ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಎಳೆಯುತ್ತಿದ್ದಳು. ಹೊಸಿಲು ಬರಿದಾಗಿದ್ದರೆ ಸೂತಕದ ಮನೆಯಂತೆ ಕಾಣುತ್ತದೆ ಎಂಬುದು ಅವಳ ಸಂಕಟ. ಯಾರೂ ಹಾಕೆಂದು ಹೇಳಿದ್ದಲ್ಲ. ಯಾರೂ ಬೇಡವೆಂದದ್ದೂ ಇಲ್ಲ.

ವ್ಯಾಪಾರಿ ಅವಳನ್ನು ತಡೆದು ಕೇಳಿದ: “ಯಾವ ಮನೆ ಯಾವತ್ತು ಖಾಲಿ ಅನ್ನೋದು ನಿಮಗೆ ಹೇಗೆ ಗೊತ್ತಾಗುತ್ತೆ, ಅಜ್ಜಿ?”

“ನಿನ್ನ ಹೆಂಡತಿ ನನಗೆ ಹೇಳದೆ ಎಂದಾದರೂ ಗಾಡಿ ಹತ್ತಿದ್ದುಂಟೇನಪ್ಪ? ನಿನಗೆ ಹೇಳದ್ದನ್ನೂ ನನ್ನ ಹತ್ತಿರ ಹೇಳಿರುತ್ತಾಳೆ,” ಎಂದು ಮುದುಕಿ ನಕ್ಕಳು.

“ಇನ್ನು ಮೇಲೆ ಯಾರ ಹೊಸಿಲ ಹತ್ತಿರವೂ ಬರಬೇಡಿ. ಇದು ಬೀದಿಯವರ ತೀರ್ಮಾನ.”

ಮುದುಕಿಯ ನಗು ನಿಂತಿತು. “ಆಗಲಿ ಬಿಡು. ನನ್ನ ಸೊಂಟಕ್ಕೂ ಬಿಡುವು ಬೇಕಿತ್ತು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ವ್ಯಾಪಾರಿ ಕಂಡಿದ್ದ. ಈಕೆ ಮುಟ್ಟಿಕೊಳ್ಳಲಿಲ್ಲ. ಪಳಗಿದ ಕೈ, ಎಂದುಕೊಂಡ.

ಆಮೇಲೆ ಕೆಲಕಾಲ ಬೀದಿಯಲ್ಲಿ ಒಂದು ಚೊಂಬೂ ಕಾಣೆಯಾಗಲಿಲ್ಲ. “ನೋಡಿದಿರಾ ನನ್ನ ಏರ್ಪಾಡು!” ಎಂದು ವ್ಯಾಪಾರಿ ಸಿಕ್ಕವರಿಗೆಲ್ಲ ಹೇಳಿದ. ಆ ದಿನಗಳಲ್ಲಿ ಬೀದಿಯಿಂದ ಯಾರೂ ಮನೆ ಬಿಟ್ಟು ಹೋಗಿರಲಿಲ್ಲ. ಅದನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನಿಶ್ಚಿತಾರ್ಥಕ್ಕೆ ಗಂಡಿನ ಊರಿಗೆ ಮನೆಮಂದಿಯೆಲ್ಲ ಹೊರಟರು. ದಾರಿಯನ್ನು ನಂಬಲಾಗದೆ ವ್ಯಾಪಾರಿ ಡಾಬನ್ನು ಪೆಟ್ಟಿಗೆಯಲ್ಲೇ ಇಟ್ಟ. ಕಾವಲುಗಾರನ ಕಿವಿಯಲ್ಲಿ, “ಎದುರುಮನೆ ಮುದುಕಿಯ ಬಾಗಿಲ ಮೇಲೆ ಒಂದು ಕಣ್ಣಿರಲಿ,” ಎಂದ. ಕಾವಲುಗಾರ ಎರಡೂ ಕಣ್ಣಿಟ್ಟ.

ತಿರುಗಿ ಬಂದಾಗ ಹಿತ್ತಲ ಬಾಗಿಲು ಮುರಿದಿತ್ತು. ಡಾಬು ಇರಲಿಲ್ಲ. ವ್ಯಾಪಾರಿ ನೆಟ್ಟಗೆ ಎದುರುಮನೆಗೆ ನುಗ್ಗಿ, ಬೀದಿಯ ಜನ ನೋಡುತ್ತಿರುವಂತೆಯೇ ಮುದುಕಿಯ ಟ್ರಂಕನ್ನು ಬುಡಮೇಲು ಮಾಡಿದ. ಹಳೆಯ ಸೀರೆಗಳು ಬಿದ್ದವು. ರಂಗೋಲಿ ಪುಡಿಯ ಡಬ್ಬಿ ಬಿದ್ದು ನೆಲದ ತುಂಬ ಬೆಳ್ಳಗಾಯಿತು. ಮುದುಕಿ ಸೀರೆಗಳನ್ನು ಮಡಚಿಟ್ಟಳು. ಪುಡಿಯನ್ನು ಬಾಚಿಕೊಳ್ಳಲಿಲ್ಲ.

ಕೆಲವು ದಿನಗಳ ಮೇಲೆ ಕಳ್ಳ ಬೇರೊಂದು ಊರಿನಲ್ಲಿ ಸಿಕ್ಕಿಬಿದ್ದ. ಡಾಬು ಅಷ್ಟರಲ್ಲಿ ಕರಗಿ ಚಿನ್ನದ ಗಟ್ಟಿಯಾಗಿತ್ತು. ಪೊಲೀಸರು ಕಳ್ಳನನ್ನು ಬೀದಿಗೆ ಕರೆತಂದಾಗ ವ್ಯಾಪಾರಿ ಕೇಳಿದ: “ಗೇಟಿತ್ತು, ಕಾವಲಿತ್ತು. ನಮ್ಮ ಮನೆ ಖಾಲಿ ಅಂತ ನಿನಗೆ ಹೇಳಿದ್ದು ಯಾರು? ಎದುರುಮನೆ ಮುದುಕಿ ತಾನೆ?”

“ಯಾವ ಮುದುಕಿಯೋ ನನಗೆ ಗೊತ್ತಿಲ್ಲ, ಸ್ವಾಮಿ. ಪಾತ್ರೆಗೆ ಕಲಾಯಿ ಹಾಕುವವನ ವೇಷದಲ್ಲಿ ಈ ಬೀದಿಯನ್ನು ಎಷ್ಟೋ ಸಲ ಸುತ್ತಿದ್ದೆ. ಎಲ್ಲ ಬಾಗಿಲಲ್ಲೂ ರಂಗೋಲಿ. ಯಾವ ಮನೆಯಲ್ಲಿ ಜನ ಇದ್ದಾರೆ, ಯಾವುದರಲ್ಲಿ ಇಲ್ಲ, ಒಂದೂ ತಿಳಿಯದೆ ಹಿಂದಿನ ಬೀದಿಗೆ ಹೋದೆ. ಈ ಸಲ ಬಂದಾಗ ನಿಮ್ಮ ಕಾವಲಿನವನು ಆ ಕಡೆ ಮುಖ ಮಾಡಿ ಕೂತಿದ್ದ. ಈ ಕಡೆ ನಿಮ್ಮ ಹೊಸಿಲೊಂದೇ ಬರಿದಾಗಿತ್ತು.”

ವ್ಯಾಪಾರಿ ಯಾರ ಮುಖವನ್ನೂ ನೋಡದೆ ಎದುರುಮನೆಯತ್ತ ನಡೆದ. ಬೀದಿಯ ನಡುವೆಯೇ ಅವನ ಕಾಲು ನಿಂತಿತು. ಮುದುಕಿಯ ಬಾಗಿಲ ಮುಂದೆ ನೀರು ಬಿದ್ದಿರಲಿಲ್ಲ, ಒಂದು ಗೆರೆಯೂ ಇರಲಿಲ್ಲ. ಮನೆ ಖಾಲಿಯೆಂದು ತಿಳಿಯಲು ಬಾಗಿಲು ತಟ್ಟುವ ಅಗತ್ಯ ಅವನಿಗೆ ಕಾಣಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅಂಗಳದಲ್ಲಿ ಬಾವಿಯ ರಾಟೆ ಕಿರ್ರೆನ್ನುತ್ತಿತ್ತು. ನೀರು ಸೇದುವವರು ಏನೋ ಹೇಳಿಕೊಂಡು ನಗುತ್ತಿದ್ದರು. ಶಿಷ್ಯ ಕೈಯಲ್ಲಿದ್ದ ಬೀಗವನ್ನು ನೋಡಿಕೊಂಡು, “ಹಾಗಾದರೆ ಇದು ಬೇಡವೇ, ಗುರುಗಳೇ?” ಎಂದ.

“ಹಾಕು, ಇಷ್ಟು ದಿನ ಬೀಗವಿಲ್ಲದ ಈ ಬಾಗಿಲನ್ನು ಕಾದವರು ಯಾರೆಂದು ತಿಳಿದ ಮೇಲೆ ಹಾಕು.”