ಗವಿಯಲ್ಲಿ ಸಿಕ್ಕಿದ ತಲೆಬುರುಡೆ

"ಗುರುಗಳೇ, ಗವಿಯೊಂದರಲ್ಲಿ ತುಂಬ ಹಳೆಯ ಎಲುಬುಗಳು ಸಿಕ್ಕಿವೆಯಂತೆ. ನಮ್ಮಂಥ ಮನುಷ್ಯರವೇ ಎಂದು ಕೆಲವರು, ಅಲ್ಲ, ಅದು ಮನುಷ್ಯರಲ್ಲೇ ಬೇರೆ ಪ್ರಭೇದ ಎಂದು ಕೆಲವರು ವಾದಿಸುತ್ತಿದ್ದಾರೆ. ಯಾರ ಮಾತು ನಿಜ?"

ಕೇಳಿದವನು ಶಿಷ್ಯ ವೀರಮಲ್ಲ. ವಾದವೆಂದರೆ ಊಟವನ್ನೂ ಮರೆಯುವವನು. "ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ" ಎಂದು ಗುರುಗಳು ಶುರುಮಾಡಿದರು.

ಒಂದು ರಾಜ್ಯದಲ್ಲಿ ಸುಣ್ಣದ ಕಲ್ಲು ಅಗೆಯುವಾಗ ಗವಿಯೊಂದು ಕಂಡಿತು. ಒಳಗೆ ತಲೆಬುರುಡೆ ಇತ್ತು. ಆಕಾರ ಮನುಷ್ಯನದೇ, ಗಾತ್ರ ಮಾತ್ರ ತೆಂಗಿನಕಾಯಿಯಷ್ಟು. ದೊರೆ ಇಬ್ಬರು ಪಂಡಿತರನ್ನು ಕರೆಸಿದ. "ಇದು ನಮ್ಮವರದಲ್ಲ, ಬೇರೆಯೇ ಬಗೆಯ ಮನುಷ್ಯರದು" ಎಂದ ಹಿರಿಯ ಪಂಡಿತ. "ನಮ್ಮವರದೇ. ಯಾವುದೋ ರೋಗದಿಂದ ಬೆಳವಣಿಗೆ ಕುಂಠಿತವಾಗಿದೆ, ಅಷ್ಟೇ" ಎಂದ ಕಿರಿಯ. ಮಾತಿಗೆ ಮಾತು ಬೆಳೆದು, ಸೋತವನು ಆಸ್ಥಾನ ಬಿಟ್ಟು ಹೋಗಬೇಕೆಂಬ ಪಣವೂ ಆಯಿತು.

ಆ ಊರಿನ ಅಂಚಿನಲ್ಲಿ ಜೇನು ಮಾರಿ ಬದುಕುವ ಹೆಂಗಸೊಬ್ಬಳಿದ್ದಳು. ತೀರ ಕುಳ್ಳಿ, ತಲೆಯೂ ಚಿಕ್ಕದು. ಅವಳನ್ನು ತೋರಿಸಿದರೆ ಗೆದ್ದಂತೆಯೇ ಎಂದು ಕಿರಿಯ ಪಂಡಿತ ಭಟರನ್ನು ಅಟ್ಟಿದ. ಅವರು ಗುಡಿಸಲಿನಿಂದ ಅವಳನ್ನು ಎಳೆದು ತಂದರು. ಮಲಗಿದ್ದ ಕೂಸನ್ನು ಎತ್ತಿಕೊಳ್ಳಲೂ ಬಿಡಲಿಲ್ಲ.

"ಇವಳ ತಲೆಯೂ ಚಿಕ್ಕದೇ. ಇವಳೇನು ನಮ್ಮವಳಲ್ಲವೇ?" ಎಂದು ಕೇಳಿದ ಕಿರಿಯ.

ಹಿರಿಯ ಪಂಡಿತ ನೂಲು ಹಿಡಿದು ಬುರುಡೆಯನ್ನು ಅಳೆದ. ಆಮೇಲೆ ಅವಳ ತಲೆಯನ್ನು ಅಳೆದ. "ಸರಿಯಾಗಿ ಹೊಂದುತ್ತದೆ! ಹಾಗಾದರೆ ಇವಳೂ ನಮ್ಮವಳಲ್ಲ. ಆ ಬಗೆಯವರು ಇನ್ನೂ ಬದುಕಿದ್ದಾರೆ!" ಎಂದ. ಸಭೆ ಚಪ್ಪಾಳೆ ತಟ್ಟಿತು. ಹೇಳುವಾಗಲೇ ನನಗೆ ಮೈಯೆಲ್ಲ ಉರಿಯುತ್ತದೆ.

ಮತ್ತೆ ಅವಳ ತೋಳು, ದವಡೆ, ಪಾದ ಎಲ್ಲದರ ಅಳತೆ ನಡೆಯಿತು. ಹೊತ್ತು ಇಳಿಯಿತು.

"ಬುದ್ಧೀ, ಕೂಸು ಎದ್ದಿರ್ತದೆ. ಬೆಳಿಗ್ಗೆಯಿಂದ ಹಾಲಿಲ್ಲ ಅದಕ್ಕೆ. ಕುಡಿಸ್ಬುಟ್ಟು ಓಡಿ ಬಂದ್ಬುಡ್ತೀನಿ" ಎಂದು ಅವಳು ಕೈಮುಗಿದಳು. ಅವಳ ಸೆರಗು ಎದೆಹಾಲಿನಿಂದ ತೊಯ್ದಿತ್ತು.

ಪಂಡಿತರಿಬ್ಬರೂ ಹತ್ತಿರ ಬಂದು ಬಗ್ಗಿ ನೋಡಿದರು.

"ತಾಯಿಹಾಲು! ಇವಳು ನಮ್ಮವಳೆನ್ನಲು ಇನ್ನೇನು ಬೇಕು?" ಎಂದ ಕಿರಿಯ.

"ಹಾಲು ಆಕಳಿಗೂ ಬರುತ್ತದೆ" ಎಂದ ಹಿರಿಯ.

ವಾದ ಮೊದಲಿನಿಂದ ಶುರುವಾಯಿತು. ಅವಳು ಮೆಲ್ಲಗೆ ಬಾಗಿಲ ಕಡೆ ಹೊರಟಳು. "ಅವಳನ್ನು ಬಿಡಬೇಡಿ!" ಎಂದು ಪಂಡಿತರಿಬ್ಬರೂ ಒಟ್ಟಿಗೆ ಕೂಗಿದರು. ಅವರು ಒಪ್ಪಿದ್ದು ಅದೊಂದೇ ಮಾತನ್ನು. ಭಟರು ಬಾಗಿಲು ಹಾಕಿದರು. ಅವಳು ಕದ ಬಡಿಯುತ್ತ ಕೂಸಿನ ಹೆಸರು ಹಿಡಿದು ಕೂಗಿದಳು. ಆ ಗದ್ದಲದಲ್ಲಿ ವಾದ ಕೇಳಿಸುವುದಿಲ್ಲವೆಂದು ದೊರೆ ಅವಳನ್ನು ಒಳಗಿನ ಕೋಣೆಗೆ ಕಳಿಸಿ ಬೀಗ ಹಾಕಿಸಿದ.

ಗುರುಗಳು ಇಲ್ಲಿಗೆ ಮಾತು ನಿಲ್ಲಿಸಿ ತುಂಬ ಹೊತ್ತು ಶಿಷ್ಯನ ಮುಖವನ್ನೇ ನೋಡಿದರು.

ವೀರಮಲ್ಲ ತಡೆಯಲಾರದೆ ಮುಂದಕ್ಕೆ ಸರಿದು ಕುಳಿತ. "ಆಮೇಲೆ, ಗುರುಗಳೇ? ಕೊನೆಗೆ ಗೆದ್ದವರು ಯಾರು?"

"ಆ ಕೂಸು ಬದುಕಿತೇ ಎಂದು ಕೇಳುತ್ತೀಯೆಂದು ಕಾದಿದ್ದೆ" ಎಂದರು ಗುರುಗಳು.