ಬಾರದ ನಾಲ್ಕನೆಯ ಸದಸ್ಯರು

ಸಾರಿಗೆ ಆಯೋಗದ ಏಳು ಸದಸ್ಯರಲ್ಲಿ ನಾಲ್ವರಾದರೂ ಬಂದರೆ ಮಾತ್ರ ನಿರ್ಣಯ ಮಾಡಬಹುದು, ಅದು ನಿಯಮ. ಅಂದು ಬಂದವರು ಅಧ್ಯಕ್ಷರೂ ಸೇರಿ ಮೂವರೇ. ಅಧ್ಯಕ್ಷರಿಗೋ ಆಯೋಗದ ಗುಮಾಸ್ತನ ಊರಿಗಿದ್ದ ಒಂದೇ ಬಸ್ಸನ್ನು ಅಂದೇ ನಿಲ್ಲಿಸುವ ಆತುರ. ಕೂತಲ್ಲಿ ಕೂರಲಾರದೆ ಗುಮಾಸ್ತನಿಗೆ ಹೇಳಿದರು: "ವೀರಭದ್ರಪ್ಪನವರೂ ಬಂದಿದ್ದಾರೆ ಅಂತ ಬರ್ಕೊಳ್ರೀ. ಇಲ್ಲಾಂದ್ರೆ ನಾಳೆನೇ ನಿಮಗೆ ವರ್ಗ."

ಗುಮಾಸ್ತ ಬರೆದ. ಪದ್ಧತಿಯಂತೆ ಎದ್ದುನಿಂತು ಓದಿದ: "ಅಧ್ಯಕ್ಷರ ಅಪ್ಪಣೆಯಂತೆ, ಬಾರದ ಸದಸ್ಯರಾದ ವೀರಭದ್ರಪ್ಪನವರು ಬಂದಿದ್ದಾರೆಂದು ಬರೆದುಕೊಳ್ಳಲಾಯಿತು."

ಅಧ್ಯಕ್ಷರ ಮುಖ ಕಪ್ಪಿಟ್ಟಿತು. "ಅದನ್ನ ಹೊಡೆದುಹಾಕ್ರೀ."

"ನಡಾವಳಿ ಪುಸ್ತಕದಲ್ಲಿ ಒಂದು ಸಾಲು ಹೊಡೆಯೋಕೂ ನಿರ್ಣಯ ಬೇಕು ಸ್ವಾಮಿ. ನಿರ್ಣಯಕ್ಕೆ ನಾಲ್ವರು ಬೇಕು."

"ಮತ್ತೇನ್ರೀ ಮಾಡೋದು?"

"ಸಭೆಯೇ ನಡೆಯದಿದ್ದರೆ ನಡಾವಳಿಯೂ ಇರೋಲ್ಲ ಸ್ವಾಮಿ."

ಅಧ್ಯಕ್ಷರು ಉಳಿದಿಬ್ಬರ ಕಡೆ ತಿರುಗಿದರು. "ನಾವು ಇವತ್ತು ಬಂದಿದ್ದು ಕಾಫಿ ಕುಡಿಯೋಕೆ, ಅಲ್ವೇನ್ರೀ?"

ಇಬ್ಬರೂ ತಲೆಯಾಡಿಸಿದರು. ಗುಮಾಸ್ತ ಸಂಜೆ ಅದೇ ಬಸ್ಸಿನಲ್ಲಿ ಮನೆಗೆ ಹೋದ.